ಬೀಗ ಹಾಕಿದ ಮನೆಗೆ ಅರ್ಧ ತೆರಿಗೆ, ಬಾಡಿಗೆ ಮನೆಗೆ ಪೂರ್ತಿ: ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರಿಗೆ, ಐದೂ ನಗರ ಪಾಲಿಕೆಗಳ ಆಯುಕ್ತರಿಗೆ, ಮತ್ತು ಈ ಊರಲ್ಲಿ ಎರಡನೇ ಮನೆ ಇಟ್ಟುಕೊಂಡಿರುವ ಎಲ್ಲರಿಗೂ,

ನಮಸ್ಕಾರ.

ನಾನು ಕೇಳಬೇಕು ಅಂತ ಇರುವುದು ಒಂದೇ ವಿಷಯ. ಅದನ್ನು ಮೊದಲೇ ಕೇಳಿಬಿಡುತ್ತೇನೆ. ಒಂದು ಮನೆಯಲ್ಲಿ ಯಾರೋ ಬಾಡಿಗೆಗೆ ಇದ್ದಾರೆ ಅಂದರೆ ಅದಕ್ಕೆ ನೀವು ಹಾಕುವ ಆಸ್ತಿ ತೆರಿಗೆ ಜಾಸ್ತಿ. ಅದೇ ಮನೆಗೆ ಬೀಗ ಜಡಿದು ವರ್ಷಗಟ್ಟಲೆ ಖಾಲಿ ಬಿಟ್ಟರೆ, ಬಾಡಿಗೆಯವರು ಇಲ್ಲವಲ್ಲ ಅಂತ 'ಸ್ವಂತ ವಾಸ'ದ ಲೆಕ್ಕದಲ್ಲಿ ಅರ್ಧ ಕಟ್ಟಿ ಮುಗಿಸಬಹುದು. ಮನೆ ಸಿಗದೆ ಜನ ಒದ್ದಾಡುತ್ತಿರುವ ಊರಲ್ಲಿ ಇದು ತಿರುಗುಮುರುಗು ಅಲ್ವಾ? ಇದನ್ನು ಬದಲಾಯಿಸಿ ಅಂತ ಕೇಳುವುದಕ್ಕೇ ಈ ಪತ್ರ.

ನಿಮಗೆ ಗೊತ್ತಿರುವ ಲೆಕ್ಕವೇ, ಆದರೂ ಓದುವ ಉಳಿದವರಿಗಾಗಿ ಹೇಳುತ್ತೇನೆ. 2008ರಲ್ಲಿ ಬೆಂಗಳೂರಿನ ಆಸ್ತಿ ತೆರಿಗೆಗೆ ಚದರ ಅಡಿ ಲೆಕ್ಕದ ಪದ್ಧತಿ ಬಂತು, ಓನರ್ ತಾವೇ ಲೆಕ್ಕ ಹಾಕಿ ಕಟ್ಟುವುದು. ಊರನ್ನು ಎ ಇಂದ ಎಫ್‌ವರೆಗೆ ಆರು ವಲಯ ಮಾಡಿದರು. ಎ ವಲಯದಲ್ಲಿ ಆರ್‌ಸಿಸಿ ಮನೆಗೆ ತೆರಿಗೆ ಲೆಕ್ಕ ಹಾಕಲು ಆಗ ಇಟ್ಟ ದರ ತಿಂಗಳಿಗೆ ಚದರ ಅಡಿಗೆ ಇಷ್ಟು: ಬಾಡಿಗೆಗೆ ಕೊಟ್ಟಿದ್ದರೆ 5 ರೂಪಾಯಿ, ಓನರ್ ತಾವೇ ಇದ್ದರೆ 2 ರೂಪಾಯಿ 50 ಪೈಸೆ. ಎಫ್ ವಲಯಕ್ಕೆ ಬಂದರೆ 2 ರೂಪಾಯಿ ಮತ್ತು 1 ರೂಪಾಯಿ. ಯಾವ ವಲಯ ತೆಗೆದುಕೊಂಡರೂ ಬಾಡಿಗೆ ಮನೆಗೆ ಸರಿಯಾಗಿ ಎರಡರಷ್ಟು. ಆಮೇಲೆ ದರ ಏರಿಸಿದಿರಿ, ಮಾರ್ಗಸೂಚಿ ದರದ ಮೇಲೆ, ಅಂದರೆ ಆಸ್ತಿಗೆ ಸರ್ಕಾರವೇ ನಿಗದಿ ಮಾಡುವ ಬೆಲೆಯ ಮೇಲೆ, ತೆರಿಗೆ ಹಾಕುವ ಕರಡನ್ನೂ 2024ರಲ್ಲಿ ತಂದಿರಿ. ಅದರಲ್ಲೂ ಸ್ವಂತ ವಾಸಕ್ಕೆ ಶೇಕಡಾ 0.1, ಬಾಡಿಗೆಗೆ ಶೇಕಡಾ 0.2. ಬಾಡಿಗೆ ಅಂದರೆ ಆದಾಯ, ಆದಾಯ ಇರುವವರು ಜಾಸ್ತಿ ಕಟ್ಟಲಿ ಅನ್ನುವ ಯೋಚನೆ ಇದರ ಹಿಂದೆ ಇದೆ, ಅದು ನನಗೂ ಅರ್ಥ ಆಗುತ್ತದೆ. ಆದರೆ ಆ ಜಾಸ್ತಿ ತೆರಿಗೆಯನ್ನು ಕೊನೆಗೆ ಕಟ್ಟುವುದು ಯಾರು? ಓನರ್ ಅದನ್ನು ಬಾಡಿಗೆಯಲ್ಲಿ ಸೇರಿಸುತ್ತಾರೆ, ನಾವು ಕಟ್ಟುತ್ತೇವೆ. ಆಸ್ತಿ ಇಲ್ಲದವರ ಜೇಬಿನಿಂದ ಆಸ್ತಿ ತೆರಿಗೆ ಹೋಗುತ್ತದೆ. ಎರಡು ಮೂರು ಮನೆ ಇಟ್ಟುಕೊಂಡು ಒಂದನ್ನು ಸುಮ್ನೆ ಮುಚ್ಚಿಟ್ಟವರಿಗೆ ರಿಯಾಯಿತಿ ದರ.

ಕೇಂದ್ರ ಸರ್ಕಾರವೂ ಇದೇ ದಾರಿ ಹಿಡಿದಿದೆ. ಮೊದಲು ಆದಾಯ ತೆರಿಗೆಯಲ್ಲಿ ಒಂದು ಮನೆಯನ್ನು ಮಾತ್ರ ಸ್ವಂತ ವಾಸದ್ದು ಅಂತ ತೋರಿಸಬಹುದಿತ್ತು. ಎರಡನೆಯದು ಖಾಲಿ ಇದ್ದರೂ ಅದಕ್ಕೆ ಬರಬಹುದಾದ ಬಾಡಿಗೆಯನ್ನು ಅಂದಾಜು ಮಾಡಿ ಆದಾಯಕ್ಕೆ ಸೇರಿಸಬೇಕಿತ್ತು. 2019ರ ಬಜೆಟ್‌ನಲ್ಲಿ ಅದನ್ನು ಎರಡು ಮನೆಗೆ ಏರಿಸಿದರು. 2025ರ ಬಜೆಟ್‌ನಲ್ಲಿ ಅದಕ್ಕಿದ್ದ ಷರತ್ತನ್ನೂ ತೆಗೆದರು. ಹಾಗಾಗಿ ಈಗ ಎರಡನೇ ಮನೆಗೆ ಬೀಗ ಹಾಕಿಟ್ಟರೆ ದೆಹಲಿಗೂ ಏನೂ ಕೊಡಬೇಕಿಲ್ಲ, ಬೆಂಗಳೂರಿಗೂ ಅರ್ಧ ಕೊಟ್ಟರೆ ಸಾಕು. ಆದಾಯ ತೆರಿಗೆ ನಿಮ್ಮ ಕೈಯಲ್ಲಿಲ್ಲ, ನಿಜ. ಆಸ್ತಿ ತೆರಿಗೆ ನಿಮ್ಮ ಕೈಯಲ್ಲೇ ಇದೆ.

ಎಷ್ಟು ಮನೆ ಹೀಗಿವೆ? 2017-18ರ ಕೇಂದ್ರದ ಆರ್ಥಿಕ ಸಮೀಕ್ಷೆಯಲ್ಲಿ ಇದರ ಬಗ್ಗೆಯೇ ಒಂದು ಭಾಗ ಇತ್ತು. ದೇಶದ ನಗರಗಳ ಮನೆಗಳಲ್ಲಿ ನೂರಕ್ಕೆ ಸುಮಾರು 12 ಖಾಲಿ ಅಂತ ಅದರಲ್ಲಿ ಬರೆದಿದ್ದರು. ಮುಂಬೈಯಲ್ಲಿ ಸುಮಾರು 4.8 ಲಕ್ಷ, ದೆಹಲಿ ಮತ್ತು ಬೆಂಗಳೂರಿನಲ್ಲಿ ಸುಮಾರು 3 ಲಕ್ಷ, 3 ಲಕ್ಷ. ಇದು 2011ರ ಜನಗಣತಿಯ ಲೆಕ್ಕ. ಆಮೇಲೆ ಸರ್ಜಾಪುರ ರಸ್ತೆ, ಥಣಿಸಂದ್ರ, ವೈಟ್‌ಫೀಲ್ಡ್ ಆಚೆ, ಕನಕಪುರ ರಸ್ತೆ, ಎಲ್ಲ ಕಡೆ ಎಷ್ಟು ಟವರ್ ಎದ್ದಿವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ 3 ಲಕ್ಷದಲ್ಲಿ ಬಿಲ್ಡರ್‌ಗಳು ಮಾರದೆ ಉಳಿಸಿಕೊಂಡಿರುವುದೂ ಇರಬಹುದು, ವ್ಯಾಜ್ಯದಲ್ಲಿರುವುದೂ ಇರಬಹುದು. ಎಲ್ಲವೂ ಯಾರದೋ ಎರಡನೇ ಮನೆ ಅಂತ ನಾನು ಹೇಳುತ್ತಿಲ್ಲ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಖ್ಯೆ ಇದೆ, ನನಗೆ ಅದು ಇನ್ನೂ ಮುಖ್ಯ ಅನ್ನಿಸಿತು: ನಮ್ಮ ನಗರಗಳಲ್ಲಿ 1961ರಲ್ಲಿ ನೂರಕ್ಕೆ 54 ಮನೆ ಬಾಡಿಗೆ ಮನೆಗಳಾಗಿದ್ದವು, 2011ಕ್ಕೆ ಅದು 28ಕ್ಕೆ ಇಳಿದಿದೆ. ಹೊರಗಿನಿಂದ ಬಂದು ದುಡಿಯುವವರ ಊರು ಬೆಂಗಳೂರು. ಬಂದವರಿಗೆ ಮೊದಲು ಬೇಕಾಗುವುದು ಬಾಡಿಗೆ ಮನೆಯೇ ತಾನೇ?

ಬೀಗ ಹಾಕಿದ ಮನೆ ಯಾರಿಗೂ ತೊಂದರೆ ಕೊಡುವುದಿಲ್ಲ, ಅದರ ಪಾಡಿಗೆ ಅದು ಇರುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನಾನು ಅಂಥ ಒಂದು ಮನೆಯ ಕೆಳಗೆ ವಾಸ ಮಾಡುತ್ತಿದ್ದೇನೆ. ಕನಕಪುರ ರಸ್ತೆ ಕಡೆಯ ಅಪಾರ್ಟ್‌ಮೆಂಟು, ಬಾಡಿಗೆ ಮನೆ. ನಮ್ಮ ಮೇಲಿನ ಫ್ಲ್ಯಾಟ್ ಮೂರು ಬೆಡ್‌ರೂಮಿನದು, ಗೃಹಪ್ರವೇಶ ಆದಮೇಲೆ ಅಲ್ಲಿ ಯಾರೂ ಮಲಗಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಅಲ್ಲಿನ ಬಾತ್‌ರೂಮಿನ ಆಂಗಲ್ ಕಾಕ್ ಬಿಟ್ಟುಕೊಂಡಿತು. ನಮ್ಮ ಹಾಲಿನ ತಾರಸಿಯಿಂದ ನೀರು ತೊಟ್ಟಿಕ್ಕಲು ಶುರುವಾಗಿ, ಬೆಳಗಾಗುವ ಹೊತ್ತಿಗೆ ಫ್ಯಾನಿನ ಸುತ್ತ ಸುಣ್ಣ ಉಬ್ಬಿ ಬಂತು. ಸೆಕ್ಯುರಿಟಿಯವರ ಹತ್ತಿರ ಕೀ ಇರಲಿಲ್ಲ. ಓನರ್ ಇರುವುದು ಅಮೆರಿಕದಲ್ಲಿ, ಕೀ ಇರುವುದು ಮಲ್ಲೇಶ್ವರದಲ್ಲಿ ಅವರ ಭಾವನ ಮನೆಯಲ್ಲಿ, ಭಾವ ಧರ್ಮಸ್ಥಳಕ್ಕೆ ಹೋಗಿದ್ದಾರೆ. ಬೇರೆ ದಾರಿ ಕಾಣದೆ ಪ್ಲಂಬರ್ ಬಂದು ಆ ಲೈನಿನ ಮೇನ್ ವಾಲ್ವನ್ನೇ ಮುಚ್ಚಿದರು. ಕೀ ಬರುವವರೆಗೆ ಆ ಲೈನಿನ ಎಲ್ಲ ಮನೆಗಳಿಗೂ ನೀರಿಲ್ಲ. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದರು, ಅವರಿಗೆ ನಾವೆಲ್ಲ ಸಂಪ್‌ನಿಂದ ಬಕೆಟ್‌ನಲ್ಲಿ ಹೊತ್ತು ಕೊಟ್ಟೆವು.

ನೀರು ಬಿಡದೆ ಇದ್ದರೂ ತೊಂದರೆಯೇ. ಬಾತ್‌ರೂಮಿನ ಜಾಲಿ ಕೆಳಗಿನ ಬಾಗಿದ ಪೈಪಿನಲ್ಲಿ, ಅಂದರೆ ಟ್ರ್ಯಾಪ್‌ನಲ್ಲಿ, ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು. ಬಳಸದ ಮನೆಯಲ್ಲಿ ಅದು ಒಣಗುತ್ತದೆ. ಒಣಗಿದರೆ ಪೈಪಿನ ವಾಸನೆ, ಜಿರಲೆ ಎಲ್ಲ ಮೇಲೆ ಬಂದು ಅಕ್ಕಪಕ್ಕದ ಮನೆಗೂ ಹರಡುತ್ತವೆ. ಅದಕ್ಕೇ ತಿಳಿದ ಓನರ್‌ಗಳು ಆಗಾಗ ಯಾರನ್ನಾದರೂ ಕಳಿಸಿ ನಲ್ಲಿ ತಿರುಗಿಸಿ ನೀರು ಬಿಡಿಸುತ್ತಾರೆ, ಗುಡಿಸಿ ಒರೆಸಿಸುತ್ತಾರೆ. ನಮ್ಮ ಮೇಲಿನ ಮನೆಗೆ ಹಾಗೆ ಹೋಗುವುದು ನಮ್ಮ ಮನೆ ಕೆಲಸಕ್ಕೂ ಬರುವ ಹೆಂಗಸೇ. ಯಾದಗಿರಿ ಕಡೆಯವರು, ಗಂಡ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ, ಇಂಥ ಟವರ್‌ಗಳನ್ನೇ ಕಟ್ಟುವ ಕೆಲಸ. ಇಬ್ಬರು ಮಕ್ಕಳು, ಅತ್ತೆ ಸೇರಿ ಐದು ಜನ ಒಂದು ಶೀಟಿನ ಮನೆಯಲ್ಲಿದ್ದಾರೆ. ಬಾಡಿಗೆ 7 ಸಾವಿರ. ಒಂದು ದಿನ ಮೇಲಿನ ಮನೆ ಒರೆಸಿ ಕೆಳಗೆ ಬಂದವರು ಬಾಗಿಲ ಹತ್ತಿರ ಕೂತು ಹೇಳಿದರು, "ಅಕ್ಕಾರ, ಆ ಮನ್ಯಾಗ ಮೂರು ಬಾತ್‌ರೂಮ್ ಅದಾವ್ರೀ. ಒಂದರಾಗೂ ಒಂದು ಚೊಂಬು ಇಲ್ಲ. ನಮ್ಮ ವಠಾರದಾಗ ಹನ್ನೊಂದು ಮನಿಗೆ ಎರಡ ಅದಾವ. ಮುಂಜಾನಿ ನಾಕಕ್ಕ ಎದ್ದು ಪಾಳಿ ಹಚ್ಚತೀವಿ." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನನಗೆ ಬಂತು.

ಆ ಮೂರು ಬೆಡ್‌ರೂಮಿನ ಫ್ಲ್ಯಾಟ್ ಬಾಡಿಗೆಗೆ ಬಂದರೂ ಅವರಿಗೆ ಸಿಗುವುದಿಲ್ಲ, ಗೊತ್ತು. ಅಲ್ಲಿಗೆ ಐಟಿಯವರು ಯಾರೋ ಬರುತ್ತಾರೆ. ಆದರೆ ಆ ಐಟಿಯವರು ಈಗ ಇರುವ ಎರಡು ಬೆಡ್‌ರೂಮ್ ಮನೆ ಖಾಲಿ ಆಗುತ್ತದೆ, ಅಲ್ಲಿಗೆ ನನ್ನಂಥವರು, ನನ್ನ ಮನೆಗೆ ಇನ್ನೊಬ್ಬರು. ಹೀಗೆ ಸರಪಳಿ ಕೆಳಗಿನವರೆಗೆ ಇಳಿಯುತ್ತದೆ. ಮೇಲಿನ ಮನೆ ಖಾಲಿ ಉಳಿದರೆ ನಾವೆಲ್ಲ ಒಂದೊಂದು ಮೆಟ್ಟಿಲು ಕೆಳಗೆ ತಳ್ಳಿಸಿಕೊಳ್ಳುತ್ತೇವೆ, ಕಟ್ಟಕಡೆಯಲ್ಲಿ ಇರುವವರು ಶೀಟಿನ ಮನೆಗೆ ಹೋಗುತ್ತಾರೆ. ಕೋವಿಡ್ ಮುಗಿದು ಆಫೀಸ್‌ಗಳು ತೆರೆದಮೇಲೆ 2022, 2023ರಲ್ಲಿ ಬಾಡಿಗೆ ಹೇಗೆ ಏರಿತು ಅಂತ ನೋಡಿದ್ದೀರಿ. ಒಂದು ಮನೆ ನೋಡಲು ಹೋದರೆ ಮೆಟ್ಟಿಲ ಮೇಲೆ ಇನ್ನೂ ನಾಲ್ಕು ಕುಟುಂಬ ಕಾಯುತ್ತಿರುತ್ತಿತ್ತು.

ಈಗ ಎರಡನೇ ಮನೆ ಇರುವವರ ಜೊತೆ ನೇರವಾಗಿ ಎರಡು ಮಾತು. ನಿಮ್ಮನ್ನು ಕೆಟ್ಟವರು ಅಂತ ನಾನು ಅಂದುಕೊಂಡಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಬ್ಯಾಂಕಿನಲ್ಲೋ ಎಲ್‌ಐಸಿಯಲ್ಲೋ ಮೂವತ್ತು ವರ್ಷ ದುಡಿದು, ನಿವೃತ್ತಿ ದುಡ್ಡು ಹಾಕಿ, ಮಗ ವಾಪಸ್ ಬಂದರೆ ಇರಲಿ ಅಂತ ಫ್ಲ್ಯಾಟ್ ತೆಗೆದುಕೊಂಡವರು. ಷೇರು ಅಂದರೆ ಭಯ, ಚಿನ್ನಕ್ಕೆ ಲಾಕರ್ ಚಿಂತೆ, ಹಾಗಾಗಿ ಮನೆ. ಬಾಡಿಗೆಗೆ ಕೊಡಲು ಯಾಕೆ ಹಿಂಜರಿಯುತ್ತೀರಿ ಅಂತ ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಬಿಡಿಸಿಕೊಳ್ಳಲು ಆಗದಿದ್ದರೆ ಏನು ಗತಿ? ಕೋರ್ಟಿಗೆ ಅಲೆಯಬೇಕು. ವರ್ಷಕ್ಕೆ ಬರುವ ಬಾಡಿಗೆ ಮನೆ ಬೆಲೆಯಲ್ಲಿ ನೂರಕ್ಕೆ ಮೂರೋ ನಾಲ್ಕೋ, ಅಷ್ಟಕ್ಕೆ ಈ ತಲೆನೋವು ಯಾಕೆ, ಹೇಗೂ ಬೆಲೆ ಏರುತ್ತದಲ್ಲ. ಈ ಭಯ ಸುಳ್ಳಲ್ಲ. ಅದರ ಬಗ್ಗೆ ಸರ್ಕಾರಕ್ಕೆ ಮುಂದೆ ಹೇಳುತ್ತೇನೆ.

ಆದರೆ ಇನ್ನೊಂದು ಕಾರಣವೂ ಇದೆ, ಅದನ್ನು ನೀವು ಬಾಯಿಬಿಟ್ಟು ಹೇಳುವುದಿಲ್ಲ, ಬ್ರೋಕರ್ ಹೇಳುತ್ತಾರೆ. ವೆಜ್ ಆಗಿರಬೇಕು. ಬ್ಯಾಚುಲರ್ ಬೇಡ. ಒಂಟಿ ಹೆಂಗಸು ಬೇಡ. ಫೋನಿನಲ್ಲಿ ಹೆಸರು ಕೇಳಿದ ಕೂಡಲೇ 'ಮನೆ ಈಗಷ್ಟೇ ಹೋಯ್ತು' ಅನ್ನುವುದು. ಮುಸ್ಲಿಂ ಅಂತ ಗೊತ್ತಾದ ಕೂಡಲೇ, ದಲಿತರು ಅಂತ ಗೊತ್ತಾದ ಕೂಡಲೇ ಮನೆ ಹೋಗಿಬಿಟ್ಟಿರುತ್ತದೆ, ಮೂರು ತಿಂಗಳು ಬಿಟ್ಟು ನೋಡಿದರೆ ಅದೇ ಮನೆಗೆ ಅದೇ ಬೀಗ. ನಿಮಗೆ ಬೇಕಾದ ಜಾತಿಯ, ಬೇಕಾದ ಊಟದ ಬಾಡಿಗೆಯವರು ಸಿಗುವವರೆಗೆ ಮನೆಯನ್ನು ಖಾಲಿ ಇಡಲು ನಿಮಗೆ ಆಗುತ್ತಿರುವುದು ಖಾಲಿ ಇಡುವುದಕ್ಕೆ ಖರ್ಚೇ ಇಲ್ಲದಿರುವುದರಿಂದ. ಆ ಖರ್ಚು ಬರಬೇಕು.

'ನನ್ನ ದುಡ್ಡು, ನನ್ನ ಮನೆ, ನನ್ನಿಷ್ಟ' ಅನ್ನುವವರಿಗೆ ಒಂದು ಮಾತು. ಗೋಡೆ ನಿಮ್ಮದು, ಒಪ್ಪಿದೆ. ಆ ಮನೆಯ ಬೆಲೆ ಏರಿದ್ದು ನಿಮ್ಮ ಗೋಡೆಯಿಂದ ಅಲ್ಲ. ಮುಂದೆ ಮೆಟ್ರೋ ಬಂದದ್ದಕ್ಕೆ, ರಸ್ತೆ ಅಗಲ ಆದದ್ದಕ್ಕೆ, ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಕಾವೇರಿ ನೀರು ತಂದದ್ದಕ್ಕೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಸಾಲು ನಿಂತಿದ್ದ ಈ ಊರಿಗೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಬಂತು, ದಿನಕ್ಕೆ 775 ದಶಲಕ್ಷ ಲೀಟರ್. ಆ ದುಡ್ಡು ಎಲ್ಲರದು, ಶೀಟಿನ ಮನೆಯವರದೂ ಸೇರಿ.

ಬೇರೆ ಊರುಗಳು ಈ ಪ್ರಶ್ನೆಯನ್ನು ಎದುರಿಸಿವೆ. ಕೆನಡಾದ ವ್ಯಾಂಕೂವರ್ 2017ರಿಂದ ಖಾಲಿ ಮನೆ ತೆರಿಗೆ ಹಾಕುತ್ತಿದೆ. ಮೊದಲು ಮನೆ ಬೆಲೆಯ ಶೇಕಡಾ 1 ಇತ್ತು, ಆಮೇಲೆ ಶೇಕಡಾ 3ಕ್ಕೆ ಏರಿತು. ಅಲ್ಲಿ ಪ್ರತಿ ಓನರ್ ಪ್ರತಿ ವರ್ಷ ಮನೆಯಲ್ಲಿ ಯಾರು ಇದ್ದಾರೆ ಅಂತ ಘೋಷಣೆ ಕೊಡಬೇಕು, ವರ್ಷದಲ್ಲಿ ಆರು ತಿಂಗಳಾದರೂ ಯಾರಾದರೂ ವಾಸ ಇರಬೇಕು. ಘೋಷಣೆ ಕೊಡದಿದ್ದರೆ ಖಾಲಿ ಅಂತಲೇ ಲೆಕ್ಕ. ಬಂದ ದುಡ್ಡು ಕೈಗೆಟುಕುವ ಮನೆಗಳಿಗೆ ಹೋಗುತ್ತದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಎರಡನೇ ಮನೆಗಳ ಮೇಲೆ ಸ್ಥಳೀಯ ಸಂಸ್ಥೆಗಳು ಮಾಮೂಲಿ ತೆರಿಗೆಯ ಮೇಲೆ ಇನ್ನೂ ಶೇಕಡಾ 300ರವರೆಗೆ ಹಾಕಬಹುದು, 2023ರ ಏಪ್ರಿಲ್‌ನಿಂದ. ಸ್ವಿಟ್ಜರ್‌ಲೆಂಡಿನ ಜನ 2012ರಲ್ಲಿ ಮತ ಹಾಕಿ, ಯಾವ ಊರಲ್ಲೂ ಎರಡನೇ ಮನೆಗಳು ನೂರಕ್ಕೆ 20 ದಾಟಬಾರದು ಅಂತ ತೀರ್ಮಾನ ಮಾಡಿದರು. ಸಿಂಗಪುರದಲ್ಲಿ ಅಲ್ಲಿಯದೇ ಪ್ರಜೆ ಎರಡನೇ ಮನೆ ಕೊಂಡರೆ 2023ರಿಂದ ಶೇಕಡಾ 20 ಹೆಚ್ಚುವರಿ ಮುದ್ರಾಂಕ ಶುಲ್ಕ. ನಮ್ಮಲ್ಲಿ? ಮೊದಲ ಮನೆಗೆ ಸಾಲ ಸೋಲ ಮಾಡಿ ಬಂದವರಿಗೂ, ನಾಲ್ಕನೆಯದನ್ನು ನೋಂದಣಿ ಮಾಡಿಸಲು ಬಂದವರಿಗೂ ಒಂದೇ ಮುದ್ರಾಂಕ, ಒಂದೇ ನೋಂದಣಿ ಶುಲ್ಕ. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿದಾಗಲೂ ಇಬ್ಬರಿಗೂ ಒಂದೇ ಆಗಿ ಏರಿತು.

ವಿಚಿತ್ರ ಅಂದರೆ ಎರಡನೇ ಮನೆಯವರಿಗೆ ಬೇರೆ ನಿಯಮ ಇರಬೇಕು ಅನ್ನುವುದು ಈ ಊರಿಗೆ ಹೊಸದೇನೂ ಅಲ್ಲ. ಬಿಡಿಎ ಸೈಟಿಗೆ ಅರ್ಜಿ ಹಾಕುವವರು ತಮ್ಮ ಹೆಸರಲ್ಲಾಗಲಿ ಕುಟುಂಬದವರ ಹೆಸರಲ್ಲಾಗಲಿ ಮನೆ, ಸೈಟು ಇಲ್ಲ ಅಂತ ಬರೆದುಕೊಡಬೇಕು. ಇಲ್ಲದವರಿಗೆ ಮೊದಲು ಅನ್ನುವುದು ಅಲ್ಲಿ ನಿಯಮ. ಅದೇ ನಿಯಮದ ನೆರಳು ಆಸ್ತಿ ತೆರಿಗೆ ಫಾರಂ ಮೇಲೂ ಬೀಳಲಿ ಅಂತ ಮಾತ್ರ ನಾನು ಕೇಳುತ್ತಿದ್ದೇನೆ.

ಹುಡುಕುವುದು ಹೇಗೆ ಅಂತ ಕೇಳಬೇಡಿ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ದಾಖಲೆ, ಇಲ್ಲದೆ ನೋಂದಣಿ ಇಲ್ಲ. ಇ-ಖಾತಾಗೆ ಓನರ್‌ನ ಆಧಾರ್ ಕೇಳುತ್ತೀರಿ, ಆಸ್ತಿ ತೆರಿಗೆ ಅರ್ಜಿ ಸಂಖ್ಯೆ ಕೇಳುತ್ತೀರಿ, ಬೆಸ್ಕಾಂ ಮೀಟರಿನ ನಂಬರ್ ಕೇಳುತ್ತೀರಿ. ಒಬ್ಬರ ಹೆಸರಲ್ಲಿ ಎಷ್ಟು ಮನೆ ಇದೆ ಅಂತ ನಿಮ್ಮ ಕಂಪ್ಯೂಟರಿಗೆ ಆಗಲೇ ಗೊತ್ತು. ವರ್ಷ ಪೂರ್ತಿ ಬರೀ ನಿಗದಿತ ಶುಲ್ಕದ ಬಿಲ್ಲು ಬರುತ್ತಿರುವ, ಮೀಟರು ಅಲ್ಲಾಡದ ಮನೆ ಯಾವುದು ಅಂತ ಬೆಸ್ಕಾಂಗೆ ಗೊತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ಯಾರ ಮನೆಯಲ್ಲಿ ಯಾವ ಹೊತ್ತಿಗೆ ದೀಪ ಉರಿಯುತ್ತದೆ ಅಂತ ಇಣುಕಿ ನೋಡುವುದು ಬೇಡ, ಅದು ತಪ್ಪು, ನಾನು ಅದನ್ನು ಕೇಳುತ್ತಿಲ್ಲ. ವರ್ಷದ ಒಟ್ಟು ಯೂನಿಟ್ ಸಾಕು. ಜನಗಣತಿಯ ಮನೆಪಟ್ಟಿಗೂ 2026 ಅಂತ ನಿಗದಿ ಮಾಡಿದ್ದಾರೆ, ಅದರಲ್ಲೂ ಖಾಲಿ ಮನೆಗಳನ್ನು ಬರೆದುಕೊಳ್ಳುತ್ತಾರೆ. 2011ರ ಸಂಖ್ಯೆ ಹಿಡಿದುಕೊಂಡು ವಾದ ಮಾಡುವ ಕಷ್ಟ ಅದರಿಂದ ತಪ್ಪಬೇಕು.

ಯಾರನ್ನು ಬಿಡಬೇಕು ಅನ್ನುವುದನ್ನೂ ಬರೆದು ಇಡಿ. ಮನೆಯವರು ತೀರಿಕೊಂಡು ಪಾಲು ಇನ್ನೂ ಆಗದ ಮನೆ, ಕೋರ್ಟಿನಲ್ಲಿರುವ ಮನೆ, ರಿಪೇರಿಯಲ್ಲಿರುವ ಮನೆ, ಈಗಷ್ಟೇ ಕೀ ಸಿಕ್ಕ ಹೊಸ ಫ್ಲ್ಯಾಟ್, ಚಿಕಿತ್ಸೆಗೆ ಅಂತ ಮಕ್ಕಳ ಮನೆಗೆ ಹೋಗಿರುವ ವಯಸ್ಸಾದವರ ಮನೆ, ಎರಡು ವರ್ಷಕ್ಕೆ ಬೇರೆ ಊರಿಗೆ ವರ್ಗ ಆದವರ ಇರುವ ಒಂದೇ ಮನೆ. ಇವರ ಮೇಲೆ ಒಂದು ಪೈಸೆಯೂ ಹೆಚ್ಚು ಬೀಳಬಾರದು. ಊರಲ್ಲಿರುವ ಅಪ್ಪ ಅಜ್ಜನ ಮನೆಯ ಮಾತೂ ನಾನು ಆಡುತ್ತಿಲ್ಲ. ತೀರ್ಥಹಳ್ಳಿಯಲ್ಲೋ ಕುಂದಾಪುರದಲ್ಲೋ ಹಬ್ಬಕ್ಕೊಮ್ಮೆ ಬಾಗಿಲು ತೆರೆಯುವ ಮನೆ ಬೆಂಗಳೂರಿನ ಯಾರ ಬಾಡಿಗೆಯನ್ನೂ ಏರಿಸುವುದಿಲ್ಲ. ಆದರೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದಮೇಲೆ ಬೆಂಗಳೂರಿನ ದುಡ್ಡು ಸಕಲೇಶಪುರದ ತನಕ ಹೋಗಿ ಹೊಲ, ತೋಟಗಳನ್ನು ವೀಕೆಂಡ್ ಮನೆ ಮಾಡುತ್ತಿದೆ. ಅದಕ್ಕೆ ಬೇರೆಯದೇ ಪತ್ರ ಬೇಕು, ಆ ಊರಿನವರೇ ಬರೆಯಬೇಕು.

ಇಷ್ಟಾದರೂ ಬರೀ ತೆರಿಗೆ ಹಾಕಿದರೆ ಸಾಲದು. ಓನರ್‌ಗಳ ಭಯಕ್ಕೆ ಉತ್ತರ ಕೊಡುವುದು ಸರ್ಕಾರದ ಕೆಲಸ. ನಮ್ಮಲ್ಲಿರುವುದು 1999ರ ಬಾಡಿಗೆ ಕಾಯ್ದೆ. ಅದು ಅನ್ವಯ ಆಗುವುದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆ ಮನೆಗಳಿಗೆ. ಬೆಂಗಳೂರಿನಲ್ಲಿ ಇವತ್ತು ಆ ಬಾಡಿಗೆಗೆ ಶೀಟಿನ ಮನೆಯೂ ಸಿಗುವುದಿಲ್ಲ. ಅಂದರೆ ಈ ಊರಿನ ಹೆಚ್ಚುಕಡಿಮೆ ಎಲ್ಲ ಬಾಡಿಗೆ ಮನೆಗಳೂ ಆ ಕಾಯ್ದೆಯ ಹೊರಗೇ ಇವೆ. ಜಗಳ ಬಂದರೆ ಓನರ್ ಸಿವಿಲ್ ಕೋರ್ಟಿಗೆ ಹೋಗಬೇಕು. ಬಾಡಿಗೆದಾರರಿಗೂ ಅದನ್ನು ಬಿಟ್ಟರೆ ಹೋಗಲು ಬೇರೆ ಜಾಗ ಇಲ್ಲ. ಅಡ್ವಾನ್ಸ್ ವಾಪಸ್ ಕೊಡದೆ ಪೇಂಟಿಂಗ್, ಕ್ಲೀನಿಂಗ್ ಅಂತ ಹಿಡಿದುಕೊಂಡರೆ ಕೇಳುವವರಿಲ್ಲ. ಕೇಂದ್ರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಕಳಿಸಿತ್ತು. ಅದರಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿಲ್ಲ, ತಕರಾರು ಬಗೆಹರಿಸಲು ಬೇರೆ ಪ್ರಾಧಿಕಾರ, ಬೇರೆ ಕೋರ್ಟು, ಕಾಲಮಿತಿ ಎಲ್ಲ ಇದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸ ಆಗಿರುವ ಊರಿಗೆ ಅದು ಕಷ್ಟ ಅನ್ನಿಸಬಹುದು. ಆದರೆ ಬೇಗ ತೀರ್ಪು ಸಿಗುತ್ತದೆ ಅಂತ ನಂಬಿಕೆ ಬಂದರೆ ಅಷ್ಟು ದೊಡ್ಡ ಅಡ್ವಾನ್ಸ್ ಓನರ್‌ಗೂ ಬೇಕಾಗುವುದಿಲ್ಲ. ಅವರು ಅದನ್ನು ಕೇಳುತ್ತಿರುವುದೇ ಕೋರ್ಟಿನ ಮೇಲೆ ಭರವಸೆ ಇಲ್ಲದ್ದರಿಂದ.

ಬೀದಿಗೊಂದು ಭರವಸೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಕೇಳುತ್ತಿರುವುದು ಒಂದು ಫಾರಂ. ಪ್ರತಿ ಏಪ್ರಿಲ್‌ನಲ್ಲಿ ಶೇಕಡಾ 5 ರಿಯಾಯಿತಿ ಸಿಗುತ್ತದೆ ಅಂತ ಎಲ್ಲರೂ ಓಡಿಬಂದು ತೆರಿಗೆ ಕಟ್ಟುವ ಅದೇ ಫಾರಂ. ಅದರಲ್ಲಿ ಬಾಡಿಗೆ, ಸ್ವಂತ ವಾಸ ಅಂತ ಇರುವ ಕಡೆ 'ಖಾಲಿ' ಅಂತ ಇನ್ನೊಂದು ಕಾಲಂ ಸೇರಿಸಿ. ಒಂದು ಕುಟುಂಬಕ್ಕೆ ಸ್ವಂತ ವಾಸದ ದರ ಒಂದೇ ಮನೆಗೆ ಅಂತ ಮಾಡಿ. ಬಾಡಿಗೆ ಕರಾರು ನೋಂದಾಯಿಸಿ ಮನೆ ಕೊಟ್ಟವರಿಗೆ ಅದೇ ಕಡಿಮೆ ದರ ಕೊಡಿ. ಆರು ತಿಂಗಳು ಮೀರಿ ಖಾಲಿ ಇಟ್ಟವರಿಗೆ ಎರಡರಷ್ಟು ಹಾಕಿ, ಎರಡನೇ ವರ್ಷವೂ ಖಾಲಿ ಇದ್ದರೆ ಇನ್ನೂ ಏರಿಸಿ. ಹಾಗೆ ಬಂದ ದುಡ್ಡನ್ನು ಆಯಾ ಪಾಲಿಕೆಯಲ್ಲೇ, ಪೌರಕಾರ್ಮಿಕರಿಗೆ, ಕಟ್ಟಡ ಕೆಲಸದವರಿಗೆ ಬಾಡಿಗೆ ಮನೆ ಕಟ್ಟುವುದಕ್ಕೆ ಮಾತ್ರ ಅಂತ ಕಾಯ್ದೆಯಲ್ಲೇ ಬರೆಯಿರಿ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆಯನ್ನು ಐದು ಮಾಡಿದಾಗ ಇನ್ನುಮುಂದೆ ಆಡಳಿತ ಜನರ ಹತ್ತಿರ ಬರುತ್ತದೆ ಅಂತ ಹೇಳಿದಿರಿ. ಐದರಲ್ಲಿ ಯಾವುದಾದರೂ ಒಂದು ಪಾಲಿಕೆ ತನ್ನ ಒಂದು ವಾರ್ಡಿನಲ್ಲಿ ಇ-ಖಾತಾ ಮತ್ತು ಬೆಸ್ಕಾಂ ಲೆಕ್ಕವನ್ನು ಜೋಡಿಸಿ ನೋಡಲಿ, ಎಷ್ಟು ಮನೆ ಖಾಲಿ ಅಂತ ಬರೀ ಸಂಖ್ಯೆಯನ್ನು ವಾರ್ಡ್ ಕಚೇರಿಯ ಬೋರ್ಡಿಗೆ ಅಂಟಿಸಲಿ. ನಮ್ಮ ವಾರ್ಡಿನಿಂದಲೇ ಶುರು ಮಾಡುವುದಾದರೆ ಕೆಲಸಕ್ಕೆ ನಾನೂ ಬರುತ್ತೇನೆ, ನಮ್ಮ ಬಿಲ್ಡಿಂಗಿನ ಇನ್ನೂ ಕೆಲವರು ಬರಲು ಒಪ್ಪಿದ್ದಾರೆ.

ಇಂತಿ,
ಕನಕಪುರ ರಸ್ತೆಯ ಒಬ್ಬ ಬಾಡಿಗೆದಾರಳು